ಹೂಂ ಅನ್ನುವವರು ಬೇಕು

ಸೋಮವಾರ ಹೊಸ ಪುಟ. ಶುಕ್ರವಾರ ಓದು. ನಡುವಿನ ಸಂಜೆಗಳಲ್ಲಿ ಆ ಪುಟ ಮಗುವಿನ ಚೀಲದಲ್ಲಿ ಮನೆಗೆ ಹೋಗಿ ಬರಬೇಕು. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ನಾನು ಕನ್ನಡ ಓದಲು ಕಲಿಸಿದ ರೀತಿ ಇಷ್ಟೇ. ನಿವೃತ್ತಿಯ ದಿನ ಹಾರ ಹಾಕಿದವರು ಏನೇನೋ ಹೊಗಳಿದರು. ಈ ಪುಟದ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದು, "ಮೇಡಂ, ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದೆಲ್ಲ ಮೊದಲ ವಾರದಲ್ಲೇ ಮುಗಿದುಹೋಯಿತು. ಇನ್ನೇನು ಮಾಡಲಿ?" ಎಂದು ಕೇಳಿದಳು. ಅವಳಿಗಾಗಿ, ಅವಳಂತೆ ಈಗತಾನೇ ಸೀಮೆಸುಣ್ಣ ಹಿಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಬಿಟ್ಟಿದ್ದೇನೆ. ಅವು ಎಲ್ಲರಿಗೂ ಒಂದೇ ಥರ ಇರುತ್ತವೆ.

ನಮ್ಮದು ತಮಿಳುನಾಡಿನ ಹೊಸೂರಿನ ಆಚೆ, ಉದ್ದನಪಲ್ಲಿಯಿಂದ ಸಾನಮಾವು ಕಾಡಿನ ಕಡೆಗೆ ಹೋಗುವ ದಾರಿಯಲ್ಲಿದ್ದ ಎರಡು ಕೋಣೆಗಳ ಶಾಲೆ. ಒಂದು ಕೋಣೆ ನನ್ನದು. ಮಕ್ಕಳೆಲ್ಲ ಸುತ್ತಲಿನ ಬೇಸಾಯದ ಮನೆಗಳವರು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು. ಮೂರನ್ನೂ ಸರಾಗವಾಗಿ ಮಾತಾಡುತ್ತಾರೆ. ಆದರೆ ಶಾಲೆಯ ಗೇಟು ದಾಟಿದರೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ಅಪರೂಪ. ಬಸ್ಸಿನ ಬೋರ್ಡು, ರೇಷನ್ ಅಂಗಡಿ, ಔಷಧಿ ಅಂಗಡಿ ಎಲ್ಲವೂ ತಮಿಳು, ಇಂಗ್ಲಿಷ್. ನೋಡದ ಅಕ್ಷರ ನೆನಪಿನಲ್ಲಿ ಉಳಿಯುವುದಿಲ್ಲ. ಅದಕ್ಕೇ ಪುಟ ಮನೆಗೆ ಹೋಗಲೇಬೇಕು ಎಂದು ನಾನು ಹಟ ಹಿಡಿದದ್ದು.

ಎರಡನೇ ತರಗತಿಯ ಹುಡುಗನೊಬ್ಬ ಅಪ್ಪನ ಜೊತೆ ಟೆಂಪೋದಲ್ಲಿ ಟೊಮೆಟೊ ಸಾಗಿಸಲು ಹೋಗಿದ್ದ. ಗಡಿಯ ಜೂಜುವಾಡಿ ದಾಟಿ ಕರ್ನಾಟಕದ ಅತ್ತಿಬೆಲೆಗೆ ಹೋಗಿ ಬಂದವನು ಮರುದಿನ ಪ್ರಾರ್ಥನೆಯ ಸಾಲಿನಿಂದಲೇ ಓಡಿ ಬಂದ. "ಟೀಚರ್, ಅಲ್ಲಿ ನಮ್ಮಕ್ಷರ ಬೀದಿಬೀದೀಗೂ ಐತೆ! ಪಂಚರ್ ಅಂಗಡೀಲೂ ಐತೆ! ನಾನು ಓದ್ತಾ ಇದ್ರೆ ನಮ್ಮಪ್ಪ ಸುಮ್ಕೆ ಕುಂತ್ಕೊಳ್ಳಲಾ ಅಂತ ಬಯ್ದ." ಸಾಲು ಬಿಟ್ಟು ಬಂದದ್ದಕ್ಕೆ ನಾನೂ ಬಯ್ಯಬೇಕಿತ್ತು. ಆ ದಿನ ಬಯ್ಯಲಿಲ್ಲ.

ಈಗ ಪುಟದ ವಿಷಯ. ಪಠ್ಯಪುಸ್ತಕದ ಜೊತೆಗೆ ಪ್ರತಿ ವಾರ ನಾನೇ ಒಂದು ಪುಟ ಬರೆಯುತ್ತಿದ್ದೆ. ಊರಿನಲ್ಲಿ ನಡೆದದ್ದು, ಚಿಕ್ಕ ಚಿಕ್ಕ ವಾಕ್ಯ. ಸೋಮವಾರ ಹಲಗೆಯ ಮೇಲೆ ಬರೆದು, ಬೆರಳಿಟ್ಟು ಓದಿ ತೋರಿಸಿ, ಒಬ್ಬೊಬ್ಬರಿಗೂ ಒಂದು ಪ್ರತಿ ಕೊಡುವುದು. ಮಂಗಳವಾರ ಎಲ್ಲರೂ ಸೇರಿ ಓದುವುದು. ಬುಧವಾರ ಅದೇ ವಾಕ್ಯಗಳನ್ನು ಪದಪದವಾಗಿ ಕತ್ತರಿಸಿ ನೆಲದ ಮೇಲೆ ಹರಡುತ್ತಿದ್ದೆ. ಮಕ್ಕಳು ಗುಂಪಾಗಿ ಕೂತು ಜೋಡಿಸಬೇಕು. ಗುರುವಾರ ಬರವಣಿಗೆ. ಶುಕ್ರವಾರ ಮಧ್ಯಾಹ್ನದ ಊಟವಾದ ಮೇಲೆ ಒಬ್ಬೊಬ್ಬರೇ ಎದ್ದು ನಿಂತು ಓದುವುದು. ಮಳೆ ಬರಲಿ, ಮೇಲಧಿಕಾರಿ ಬರಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ರಾತ್ರಿ ಆನೆ ಹೊಲಕ್ಕೆ ಇಳಿದಿದ್ದರೆ ಮಾತ್ರ ಅರ್ಧ ಮಕ್ಕಳು ನಿದ್ದೆಗಣ್ಣಲ್ಲಿ ತಡವಾಗಿ ಬರುತ್ತಿದ್ದರು. ಆಗ ಆ ಆನೆಯೇ ಮುಂದಿನ ವಾರದ ಪುಟವಾಗುತ್ತಿತ್ತು.

ಮೊದಮೊದಲು ತಂದೆತಾಯಿಗಳನ್ನು ಕರೆದು, "ಮನೆಯಲ್ಲಿ ಓದಿಸಿ, ತಪ್ಪಿದ್ದರೆ ತಿದ್ದಿ" ಎಂದು ಹೇಳುತ್ತಿದ್ದೆ. ಅದು ಕೆಲಸ ಮಾಡಲಿಲ್ಲ. ಓದು ಬಲ್ಲ ಮನೆಗಳಲ್ಲಿ ತಿದ್ದುವ ಹೆಸರಿನಲ್ಲಿ ಏಟು ಬಿದ್ದವು. ಓದು ಬಾರದ ಮನೆಗಳಲ್ಲಿ ಪುಟ ಚೀಲದಿಂದ ಹೊರಗೇ ಬರಲಿಲ್ಲ. ಒಬ್ಬ ತಾಯಿ ನೇರವಾಗಿ ಕೇಳಿದಳು: "ನಂಗೇ ಅಕ್ಸರ ಬರಾಕಿಲ್ಲ ಟೀಚರ್, ನಾನೇನ್ ಹೇಳ್ಕೊಡ್ಲಿ?" ನಾನು ಯೋಚಿಸಿ, "ಹೇಳಿಕೊಡಬೇಡಿ. ಸೊಪ್ಪು ಸೋಸುತ್ತಾ ಕೂತು ಕೇಳಿ, ಸಾಕು" ಎಂದೆ. ಅಂದಿನಿಂದ ನಿಯಮ ಹೀಗಾಯಿತು: ಮಗು ಸಂಜೆ ಗಟ್ಟಿಯಾಗಿ ಓದಬೇಕು, ಯಾರಾದರೂ ಒಬ್ಬರು ಕೂತು ಕೇಳಬೇಕು, ತಿದ್ದಬಾರದು, ಹೊಡೆಯಬಾರದು. ತಿದ್ದುವುದು ನನ್ನ ಕೆಲಸ.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಒಬ್ಬ ಹುಡುಗನನ್ನು ಕೇಳಿದರು, "ನಿನ್ನೆ ಯಾರಿಗೆ ಓದಿದೆಯಪ್ಪಾ?"

"ನಮ್ಮ ಹಸೂಗೆ ಸಾರ್. ಮನ್ಯಾಗೆ ಯಾರೂ ಇರ್ನಿಲ್ಲ."

"ಹಸು ಏನು ಹೇಳಿತು?"

"ಏನೂ ಹೇಳ್ನಿಲ್ಲ. ಆದ್ರೆ ಎದ್ದೋಗ್ನಿಲ್ಲ ಸಾರ್, ಪೂರ್ತಿ ಕೇಳ್ತು."

ಅವರು ಕಟ್ಟುನಿಟ್ಟಿನ ಮನುಷ್ಯ. ನಕ್ಕದ್ದನ್ನು ನಾನು ಅದೊಂದೇ ಸಲ ನೋಡಿದ್ದು. "ನಮ್ಮ ಮೀಟಿಂಗುಗಳಿಗೆ ಆ ಹಸುವನ್ನು ಕರೆಸಬೇಕಮ್ಮ" ಎಂದು ಹೇಳಿ ಜೀಪು ಹತ್ತಿದರು.

ಶುಕ್ರವಾರದ ಓದಿಗೆ ನನ್ನ ಶಿಸ್ತು ಇನ್ನೂ ಬಿಗಿ. ಓದುವ ಮಗು ಹಲಗೆಯ ಪಕ್ಕ ನಿಲ್ಲಬೇಕು. ಉಳಿದವರೆಲ್ಲ ಬಾಯಿಯ ಮೇಲೆ ಬೆರಳಿಟ್ಟು ಕೂರಬೇಕು. ನಾನು ಕೋಣೆಯ ಹಿಂದೆ ನಿಲ್ಲುತ್ತಿದ್ದೆ. ತಡವರಿಸಿದರೂ ಪದ ಎತ್ತಿ ಕೊಡುವುದಿಲ್ಲ, ತಲೆಯಾಡಿಸುವುದೂ ಇಲ್ಲ. ಮಗು ತನ್ನ ಕಾಲ ಮೇಲೆ ತಾನು ನಿಂತು ಓದಲಿ ಎಂದು. ನಾನು ಓದಿದ ತರಬೇತಿ ಶಾಲೆಯಲ್ಲಿ ಗಂಟೆ ಹೊಡೆದರೆ ಬಾಯಿಗೆ ಹೋಗುತ್ತಿದ್ದ ತುತ್ತೂ ತಟ್ಟೆಗೆ ಇಳಿಯಬೇಕಿತ್ತು. ಅಲ್ಲಿಂದ ಬಂದವಳಿಗೆ ನಿಶ್ಶಬ್ದ ಎಂದರೆ ಮರ್ಯಾದೆ. ಸೂಜಿ ಬಿದ್ದರೂ ಕೇಳುವಂತಿದ್ದ ನನ್ನ ಕೋಣೆಯನ್ನು ಬೇರೆ ಶಾಲೆಯವರು ಬಂದು ನೋಡಿ ಹೋಗುತ್ತಿದ್ದರು.

ಹರ್ಷಿತಾ ಆ ಕೋಣೆಗೆ ಬಂದ ಮಗು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ದಿನವೂ ಒಂದು ಗುಲಾಬಿ. ತಾಯಿ ಗುಲಾಬಿ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದಳು. ಕಾಂಡ ಮುರಿದು ಮಾರಾಟಕ್ಕೆ ಬಾರದ ಹೂವು ಮಗಳ ತಲೆಗೆ. ತಂದೆ ನಾಗರಾಜ ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡಿ, ಉಳಿದ ಹೊತ್ತಿನಲ್ಲಿ ಹೊಲ ನೋಡುತ್ತಿದ್ದ. ಮಗು ಸಂಜೆ ಇರುತ್ತಿದ್ದುದು ಅಪ್ಪನ ತಾಯಿ, ಅಜ್ಜಿ ಮುನಿತಾಯಮ್ಮನ ಜೊತೆ.

ಶುಕ್ರವಾರ ಹರ್ಷಿತಾ ನಿಲ್ಲುತ್ತಿದ್ದಳು, ಮೊದಲ ವಾಕ್ಯವನ್ನು ಗಂಟೆ ಹೊಡೆದ ಹಾಗೆ ಓದುತ್ತಿದ್ದಳು, ನಿಲ್ಲಿಸುತ್ತಿದ್ದಳು. ನನ್ನ ಮುಖ ನೋಡುತ್ತಿದ್ದಳು. ನಾನು ಕಂಬದಂತೆ ನಿಂತಿರುತ್ತಿದ್ದೆ. ಅವಳು ಅದೇ ವಾಕ್ಯವನ್ನು ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ ಓದುತ್ತಿದ್ದಳು. ಮತ್ತೆ ನೋಡುತ್ತಿದ್ದಳು. ಆಮೇಲೆ ಪುಟ ಮಡಚಿ ಹೋಗಿ ಕೂತುಬಿಡುತ್ತಿದ್ದಳು.

ಪ್ರತಿ ವಾರ ಹೀಗೇ. ಬೇರೆ ದಿನ ಹತ್ತಿರ ಕೂರಿಸಿಕೊಂಡು ಪದ ತೋರಿಸಿದರೆ ಪದ ಹೇಳುತ್ತಿದ್ದಳು. ಪದ ಬರುತ್ತದೆ, ಓದು ಹರಿಯುವುದಿಲ್ಲ, ಮೊದಲ ವಾಕ್ಯವನ್ನು ಯಾರೋ ಬಾಯಿಪಾಠ ಮಾಡಿಸಿದ್ದಾರೆ ಎಂದು ತೀರ್ಮಾನಿಸಿದೆ. ಅಂಥ ಮಕ್ಕಳು ಇರುತ್ತಾರೆ. ಕಣ್ಣಿನ ಡಾಕ್ಟರು ಬಂದಾಗ ಮೊದಲು ಅವಳನ್ನೇ ತೋರಿಸಿದೆ; ಕಣ್ಣು ಚೆನ್ನಾಗಿದೆ ಎಂದರು. ಪಕ್ಕದ ಮಕ್ಕಳು ಅವಳಿಗೆ 'ಒಂದ್ಲೈನ್' ಎಂದು ಹೆಸರಿಟ್ಟರು. ಗದರಿಸಿ ನಿಲ್ಲಿಸಿದೆ. ಆದರೂ ಹೆಸರು ಊರಿನೊಳಗೆ ಹೋಗಿ ಆಗಿತ್ತು.

ರಾಗಿ ಕುಯ್ಲಿನ ಸಮಯದಲ್ಲಿ ಒಂದು ಸೋಮವಾರ ಮಧ್ಯಾಹ್ನ ಶಿಫ್ಟ್ ಮುಗಿಸಿ ನಾಗರಾಜ ಶಾಲೆಗೆ ಬಂದ. ಮಗಳು ಅವನ ಹಿಂದೆಯೇ, ಅಪ್ಪನ ಅಂಗಿಯ ತುದಿ ಹಿಡಿದು.

"ಟೀಚರ್, ಟೀಸಿ ಕೊಟ್ಬುಡಿ."

"ಯಾಕಪ್ಪಾ?"

"ಎರಡೊರ್ಸ ಆಗ್ತಾ ಬಂತು, ಒಂದ್ ಲೈನು. ಕ್ಯಾಂಟೀನಾಗೆ ನಮ್ಮೂರ್ ಹುಡುಗ್ರು ನಿನ್ ಮಗ್ಳು ಒಂದ್ಲೈನಂತಲ್ಲಾ ಅಂತ ನಗ್ತಾರೆ. ಹೊಸೂರ್ ಇಂಗ್ಲೀಷ್ ಸ್ಕೂಲ್ ವ್ಯಾನು ನಮ್ ರೋಡ್ಗೇ ಬತ್ತದೆ. ಮಾತಾಡ್ಬುಟ್ಟಿದ್ದೀನಿ."

"ಅಲ್ಲಿ ಯಾವ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರೆ?"

ಅವನು ಅಂಗಳದ ಕಡೆ ನೋಡಿದ. "ಓದಕ್ಕೆ ಬರ್ದೆ ಇದ್ರೆ ಯುಕೆಜಿಗೆ ಹಾಕ್ತಾರಂತೆ. ಹಾಕ್ಲಿ ಬುಡಿ. ಮೊದಲ್ನಿಂದ ಕಲೀಲಿ."

ಎರಡನೇ ತರಗತಿಯ ಮಗು ಐದು ವರ್ಷದ ಕೂಸುಗಳ ಜೊತೆ ಕೂರಬೇಕು. ಹರ್ಷಿತಾ ಅಂಗಿಯ ತುದಿ ಬಿಟ್ಟು ತನ್ನ ಕಾಲುಗಳನ್ನೇ ನೋಡುತ್ತಿದ್ದಳು. ಶಾಲೆ ಬದಲಾಯಿಸುವುದರಲ್ಲಿ ನನಗೆ ತಕರಾರಿಲ್ಲ. ಎಷ್ಟೋ ಮಕ್ಕಳು ಹೋಗಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಈ ಮಗು ತಾನು ಪೆದ್ದಿ ಎಂದು ನಂಬಿಕೊಂಡು ಹೊರಡುತ್ತಿತ್ತು. ಆ ನಂಬಿಕೆ ವ್ಯಾನಿನಲ್ಲಿ ಅವಳ ಜೊತೆಯೇ ಹೋಗಿ ಅಲ್ಲೂ ಪಕ್ಕದಲ್ಲೇ ಕೂರುತ್ತದೆ.

"ಶುಕ್ರವಾರದವರೆಗೆ ಬಿಡಿ. ಓದಿನ ಹೊತ್ತಿಗೆ ನೀವೇ ಬನ್ನಿ. ಆಮೇಲೂ ಬೇಕು ಅಂದರೆ ಕೊಡುತ್ತೇನೆ" ಎಂದೆ.

"ಈ ವಾರ ಫಸ್ಟ್ ಶಿಫ್ಟು. ಮಧ್ಯಾಹ್ನ ಸೀದಾ ಬತ್ತೀನಿ. ಬರ್ದಿಟ್ಟಿರಿ ಟೀಚರ್." ಕೈಮುಗಿದು ಹೊರಟ. ಗೌರವದಲ್ಲಿ ಕೊರತೆ ಇರಲಿಲ್ಲ, ನಿರ್ಧಾರದಲ್ಲಿಯೂ ಇರಲಿಲ್ಲ.

ಬುಧವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಮಗುವಿಗೆ ಕಷ್ಟವಿದ್ದರೆ ಮನೆ ನೋಡಬೇಕು. ಇದನ್ನು ಯಾವ ತರಬೇತಿಯಲ್ಲೂ ಹೇಳಲಿಲ್ಲ, ನೀವು ಮಾತ್ರ ಮರೆಯಬೇಡಿ. ಕಾಡಂಚಿನ ದಾರಿ, ಕತ್ತಲಾಗುವ ಮೊದಲು ಬಸ್ಸಿಗೆ ವಾಪಸ್ಸು ಬರಬೇಕು ಎಂದು ಬಿರುಸಾಗಿ ನಡೆದೆ. ಹರ್ಷಿತಾ ನನಗಿಂತ ಮುಂದೆಯೇ ಓಡಿಹೋಗಿದ್ದಳು. ಹುಲ್ಲಿನ ಮೆದೆ ಬಳಸಿ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ದನಿ ಕೇಳಿಸಿತು. ಅಲ್ಲೇ ನಿಂತೆ.

"ನಮ್ಮ ಊರಿಗೆ ಆನೆ ಬಂತು."

"ಹೂಂ."

"ಅದು ರಾಗಿ ತಿಂದಿತು."

"ಹೂಂ."

"ಟೊಮೆಟೊ ತೋಟ ತುಳಿಯಿತು."

"ಹೂಂ... ಅಯ್ಯೋ, ಹೂಂ."

"ನಾಯಿ ಬೊಗಳಿತು. ಆನೆ ತಿರುಗಿ ನೋಡಿತು."

"ಹೂಂ."

"ನಾಯಿ ಸುಮ್ಮನಾಯಿತು."

"ಹೂಂ."

"ಅಜ್ಜಿಗೆ ಹಲ್ಲಿಲ್ಲ."

"ಹೂಂ... ಏನಂದೆ? ಏನೇ ಅಂದೆ ನೀನು?"

ಮಗು ಬಿದ್ದು ಬಿದ್ದು ನಗುತ್ತಿತ್ತು. ಆ ಪುಟ ನಾನು ಎರಡು ದಿನದ ಹಿಂದೆ ಬರೆದದ್ದು. ಕೊನೆಯ ವಾಕ್ಯ ಒಂದನ್ನು ಬಿಟ್ಟು ಎಲ್ಲವೂ ಅಕ್ಷರಕ್ಕೆ ಅಕ್ಷರ ಸರಿ. ತಡವರಿಕೆ ಇಲ್ಲ, ರಾಗ ಎಳೆಯುವುದಿಲ್ಲ. ಆನೆ ಬಂದಾಗ ದನಿ ದಪ್ಪ, ನಾಯಿ ಸುಮ್ಮನಾದಾಗ ದನಿ ಸಣ್ಣ. ನನ್ನ ತರಗತಿಯಲ್ಲಿ ಅಷ್ಟು ಚೆನ್ನಾಗಿ ಯಾರೂ ಓದುತ್ತಿರಲಿಲ್ಲ.

ನಾನು ಕಾಣಿಸಿಕೊಂಡ ಕೂಡಲೇ ಓದು ನಿಂತಿತು. ಅವರೆಕಾಯಿ ಬಿಡಿಸುತ್ತಿದ್ದ ಮುನಿತಾಯಮ್ಮ ಮೊರ ಪಕ್ಕಕ್ಕೆ ಸರಿಸಿ ಎದ್ದರು. "ಬನ್ನಿ ಟೀಚರಮ್ಮ, ಕುಂತ್ಕಳಿ. ಇವ್ಳೇನಾರ ತಂಟೆ ಮಾಡುದ್ಲಾ?"

"ಇಲ್ಲಮ್ಮ. ದಿನಾ ಹೀಗೇ ಓದುತ್ತಾಳಾ?"

"ಓದ್ತಾಳೆ. ನಂಗೇನ್ ಅರ್ತ ಆಗ್ತದೆ, ಕತೆ ಥರ ಇರ್ತದೆ, ಕೇಳ್ತೀನಿ."

"ನೀವು ನಡುನಡುವೆ ಹೂಂ ಅನ್ನುತ್ತಿದ್ದಿರಲ್ಲ?"

ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕತೆ ಹೇಳೋರ್ಗೆ ಹೂಂ ಅನ್ನಬ್ಯಾಡ್ವಾ ಮತ್ತೆ? ಹೂಂ ಅಂದ್ರೆ ಮುಂದ್ಕೆ ಹೇಳೋದು. ಅನ್ನದೆ ಇದ್ರೆ ಇನ್ನೊಂದ್ಕಿತ ಹೇಳಿ ನೋಡೋದು. ಆಗ್ಲೂ ಅನ್ನಕಿಲ್ಲ ಅಂದ್ರೆ ಕೇಳೋರ್ಗೆ ಸಾಕಾಗೈತೆ ಅಂತ, ನಿಲ್ಲಿಸ್ಬುಡೋದು. ನಮ್ ನಾಗಂಗೂ ಹಂಗೇ ಹೇಳ್ತಿದ್ದೆ. ಅವ್ನು ನಿದ್ದೇಲೂ ಹೂಂ ಅಂತಿದ್ದ, ನನ್ನ ನಿಲ್ಸಕ್ಕೇ ಬುಡ್ತಿರ್ನಿಲ್ಲ."

ನಾನು ಹರ್ಷಿತಾಳ ಕಡೆ ತಿರುಗಿದೆ. "ಶಾಲೆಯಲ್ಲಿ ಯಾಕಮ್ಮ ಒಂದೇ ವಾಕ್ಯಕ್ಕೆ ನಿಲ್ಲಿಸುತ್ತೀಯ?"

ಅವಳು ಅಜ್ಜಿಯ ಸೆರಗಿನೊಳಗಿಂದ ಹೇಳಿದಳು. "ನೀವು ಹೂಂ ಅನ್ನಲ್ಲ. ಎಲ್ಲಾರೂ ಬಾಯ್ ಮೇಲೆ ಬೆರಳಿಟ್ಕಂಡು ನನ್ನೇ ನೋಡ್ತಾರೆ. ಸುಮ್ನಾಗು ಅಂತಾವ್ರೆ ಅನ್ಕಂಡೆ."

ನಾನು ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದೆ. ಸೂಜಿ ಬಿದ್ದರೂ ಕೇಳುವಂಥ ನನ್ನ ಕೋಣೆಯಲ್ಲಿ ಈ ಮಗು ವಾರವಾರವೂ ನಿಂತು, ನಿಮಗೆ ಕತೆ ಬೇಕಾ ಎಂದು ಕೇಳುತ್ತಿತ್ತು. ಬೇಡ ಎಂದು ಎಲ್ಲರೂ ಸೇರಿ ಹೇಳುತ್ತಿದ್ದೆವು. ಅವಳು ಮರ್ಯಾದೆಯಿಂದ ಹೋಗಿ ಕೂರುತ್ತಿದ್ದಳು.

ಉಳಿದ ಮಕ್ಕಳು ಹೇಗೆ ಓದುತ್ತಿದ್ದರು ಎಂದು ನೀವು ಕೇಳಬಹುದು. ಬಸ್ಸಿನಲ್ಲಿ ನಾನೂ ಅದನ್ನೇ ಯೋಚಿಸಿದೆ. ಅವರ ಮನೆಗಳಲ್ಲಿ ಈಗ ಕತೆ ಹೇಳುವುದು ಟೀವಿ, ಇಲ್ಲವೇ ಫೋನು. ಅವು ಯಾರ ಹೂಂಗೂ ಕಾಯುವುದಿಲ್ಲ. ಕೇಳುವವರಿಗಾಗಿ ಕಾಯುವುದು ಗೊತ್ತಿದ್ದ ಮಗು ನನ್ನ ಕೋಣೆಯಲ್ಲಿ ಒಂದೇ ಇತ್ತು.

ಶುಕ್ರವಾರ ಊಟದ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಟ್ಟ ಹೊತ್ತಿಗೆ ನಾಗರಾಜ ಬಂದ. ಕಾರ್ಖಾನೆಯ ನೀಲಿ ಅಂಗಿ, ಕೈಯಲ್ಲಿ ಊಟದ ಚೀಲ. ಬೆಳಗಿನ ಜಾವ ಎದ್ದು ಹೋದವನ ಕಣ್ಣು ಕೆಂಪಾಗಿದ್ದವು. ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಅವನು ಕೇಳಿದಂತೆ ಟೀಸಿ ಬರೆದು ಮೇಜಿನ ಮೇಲೆ ಇಟ್ಟಿದ್ದೆ. ಕೊಟ್ಟ ಮಾತು ಮಾತೇ. ಅವನು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಅವನನ್ನು ತಪ್ಪು ತಿಳಿಯಲಿಲ್ಲ. ಒಂದು ವಾಕ್ಯಕ್ಕಾಗಿ ಯಾರು ಎಚ್ಚರ ಇರುತ್ತಾರೆ?

"ಬೆರಳು ಕೆಳಗಿಳಿಸಿ" ಎಂದೆ. ಮಕ್ಕಳಿಗೆ ನಂಬಿಕೆ ಬರಲಿಲ್ಲ. ಒಬ್ಬ ಬೆರಳನ್ನು ಗಲ್ಲಕ್ಕೆ ಮಾತ್ರ ಇಳಿಸಿ, ಇಷ್ಟು ಸಾಕೇ ಎಂಬಂತೆ ನೋಡಿದ. "ಪೂರ್ತಿ ಇಳಿಸು" ಎಂದು ಹೇಳಬೇಕಾಯಿತು. ನಾನು ಹಿಂದಿನಿಂದ ಬಂದು ಮುಂದೆ, ಮಕ್ಕಳ ಜೊತೆ ನೆಲದ ಮೇಲೆ ಕೂತೆ. ಹೂಂ ಅನ್ನಬೇಕಾದದ್ದು ನಾನು. ಮನಸ್ಸಿನಲ್ಲೇ ಒಂದೆರಡು ಸಲ ಅಂದುಕೊಂಡೂ ನೋಡಿದ್ದೆ. ಅಷ್ಟು ವರ್ಷ ಸುಮ್ಮನಿದ್ದವಳಿಗೆ ಅದೂ ಅಭ್ಯಾಸ ಬೇಕಿತ್ತು.

ಹರ್ಷಿತಾ ಹಲಗೆಯ ಪಕ್ಕ ನಿಂತಳು. ಅಪ್ಪನನ್ನು ನೋಡಿದಳು. ಪುಟ ಬಿಡಿಸಿದಳು.

"ನಮ್ಮ ಊರಿಗೆ ಆನೆ ಬಂತು."

ನಿಲ್ಲಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೋಣೆಯ ಹಿಂದಿನಿಂದ ದನಿ ಬಂತು.

"ಹೂಂ."

ತಿರುಗಿ ನೋಡಿದೆ. ನಾಗರಾಜನ ಕಣ್ಣು ಮುಚ್ಚಿಯೇ ಇದ್ದವು.

ಹರ್ಷಿತಾ ಒಂದು ಗಳಿಗೆ ಅಪ್ಪನನ್ನೇ ನೋಡಿದಳು. ಆಮೇಲೆ ಪುಟಕ್ಕೆ ಕಣ್ಣು ಇಳಿಸಿದಳು.

"ಅದು ರಾಗಿ ತಿಂದಿತು."

"ಹೂಂ."

"ಟೊಮೆಟೊ ತೋಟ ತುಳಿಯಿತು."

"ಹೂಂ." ಈ ಸಲ ನನ್ನ ದನಿಯೂ ಸೇರಿತು. ಮಕ್ಕಳು ನನ್ನನ್ನೂ ಅವನನ್ನೂ ನೋಡಿದರು. ಮುಂದಿನ ವಾಕ್ಯಕ್ಕೆ ಇಡೀ ಕೋಣೆ ಹೂಂ ಎಂದಿತು. ಆನೆ ತಿರುಗಿ ನೋಡಿತು, ನಾಯಿ ಸುಮ್ಮನಾಯಿತು, ದನಿ ದಪ್ಪವಾಗಿ ಸಣ್ಣದಾಯಿತು. ಪುಟ ಮುಗಿಯಿತು. ಆದರೆ ಅವಳು ಕೂರಲಿಲ್ಲ. ಕಣ್ಣಲ್ಲಿ ತುಂಟತನ ಕಂಡಿತು.

"ನಮ್ಮಪ್ಪಂಗೆ ಮೀಸೆ ಇಲ್ಲ."

"ಹೂಂ" ಎಂದ ನಾಗರಾಜ. ಮಕ್ಕಳು ಗೊಳ್ಳೆಂದು ನಕ್ಕರು. ಅವನು ಬೆಚ್ಚಿ ಕಣ್ಣು ಬಿಟ್ಟು, ಮೀಸೆ ಮುಟ್ಟಿ ನೋಡಿಕೊಂಡ. "ಏನಂದೆ ಅಮ್ಮಿ?"

"ಪೂರ್ತಿ ಓದ್ಬುಟ್ಟೆ ಅಪ್ಪಾ" ಎಂದಳು.

ಮಕ್ಕಳು ಹೊರಟ ಮೇಲೆ ಅವನು ಬೆಂಚಿನಿಂದ ಏಳದೆ ಕೂತಿದ್ದ. ಮಗಳು ಹೊರಗೆ ಬೇವಿನ ಮರದ ಕೆಳಗೆ ಗೆಳತಿಯರಿಗೆ ಪುಟ ತೋರಿಸುತ್ತಿದ್ದಳು. ನಾನು ಟೀಸಿ ತಂದು ಅವನ ಪಕ್ಕ ಬೆಂಚಿನ ಮೇಲೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

"ನಮ್ಮವ್ವ ಕತೆ ಹೇಳ್ದಂಗೇ ಇತ್ತು ಟೀಚರ್" ಎಂದ. ಹೊರಗಿದ್ದ ಮಗಳ ಕಡೆ ನೋಡಿ, "ಸೋಮವಾರ ಹೊಸ ಪುಟ ಅಲ್ವಾ?" ಎಂದು ಕೇಳಿದ.

"ಹೌದು."

"ಸೋಮವಾರದಿಂದ ನಂಗೆ ಸೆಕೆಂಡ್ ಶಿಫ್ಟು. ಮನೆಗೆ ಬರೋದ್ರಾಗೆ ಅವ್ಳು ಮಲ್ಗಿರ್ತಾಳೆ." ಊಟದ ಚೀಲದ ಹಿಡಿಯನ್ನು ತಿರುಚುತ್ತಾ ಕೇಳಿದ. "ಸಂಜೇನೇ ಓದ್ಬೇಕಾ ಟೀಚರ್? ಬೆಳಿಗ್ಗೆ ನಾನ್ ಕೇಳುದ್ರೆ ಆಗಾಕಿಲ್ವಾ?"

ಸಂಜೆ ಓದು ಎಂಬುದು ನನ್ನ ನಿಯಮ. ಅಷ್ಟು ವರ್ಷದಲ್ಲಿ ಯಾರಿಗೂ ಅದನ್ನು ಸಡಿಲಿಸಿರಲಿಲ್ಲ.

"ಬೆಳಿಗ್ಗೆಯೂ ಆಗಬಹುದು" ಎಂದೆ.